ಬೀಗ ಹಾಕಿದವರ ಋಣ

ಕೋವಿಡ್ ಕಾಲದ ಲಾಕ್‌ಡೌನ್ ಸರಿಯೋ ತಪ್ಪೋ ಎಂಬ ಜಗಳ ಇವತ್ತಿಗೂ ಬಗೆಹರಿದಿಲ್ಲ. ಒಂದು ಕಡೆಯವರು ಪ್ರಾಣದ ಮಾತಾಡುತ್ತಾರೆ, ಇನ್ನೊಂದು ಕಡೆಯವರು ಸ್ವಾತಂತ್ರ್ಯದ ಮಾತಾಡುತ್ತಾರೆ. ಇಬ್ಬರ ಮಾತಲ್ಲೂ ಹುರುಳಿರುವುದರಿಂದ ಯಾರೂ ಸೋಲುವುದಿಲ್ಲ, ವಾದವೂ ಇದ್ದಲ್ಲೇ ಸುತ್ತುತ್ತದೆ. ಪ್ರಜೆಯನ್ನು ಮನೆಯೊಳಗೆ ಕೂರಿಸುವ ಅಧಿಕಾರ ಸರ್ಕಾರಕ್ಕೆ ಇದೆಯೇ ಎಂದು ಎಲ್ಲರೂ ಕೇಳಿದೆವು. ಕೂರಿಸಿದ ಮೇಲೆ ಅದು ಅವನಿಗೆ ಏನನ್ನು ಕೊಡಬೇಕಾಗುತ್ತದೆ ಎಂದು ಕೇಳಿದವರು ಕಡಿಮೆ.

ಮೊದಲ ಪ್ರಶ್ನೆಗೆ ಉತ್ತರ ಅಷ್ಟೇನೂ ಕಷ್ಟದ್ದಲ್ಲ. ವ್ಯಕ್ತಿಸ್ವಾತಂತ್ರ್ಯದ ಕಟ್ಟಾ ವಕೀಲನಾದ ಜಾನ್ ಸ್ಟುವರ್ಟ್ ಮಿಲ್ ಕೂಡ 1859ರಲ್ಲೇ, ಇತರರಿಗೆ ಹಾನಿಯಾಗುವಲ್ಲಿ ಒಬ್ಬನ ಇಚ್ಛೆಯನ್ನು ತಡೆಯಬಹುದೆಂದು ಗೆರೆ ಎಳೆದಿದ್ದ. ಉಸಿರಿನಿಂದಲೇ ಹರಡುವ ರೋಗ ಬಂದಾಗ ನನ್ನ ಓಡಾಟ ನನ್ನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದಾಗ ಲಸಿಕೆ ಇರಲಿಲ್ಲ, ಖಚಿತ ಚಿಕಿತ್ಸೆಯೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಓಡಾಟ ತಡೆದದ್ದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಮಿಲ್ ಎಳೆದ ಗೆರೆ ತಡೆಯಬಹುದೇ ಎಂಬುದನ್ನಷ್ಟೇ ಹೇಳುತ್ತದೆ. ತಡೆದದ್ದರ ಹೊರೆ ಯಾರ ಹೆಗಲಿಗೆ ಎಂಬುದನ್ನು ನಾವೇ ತೀರ್ಮಾನಿಸಬೇಕು.

‘ಮನೆಯಲ್ಲೇ ಇರಿ’ ಎಂಬ ಆಜ್ಞೆ ಕಾಗದದ ಮೇಲೆ ಎಲ್ಲರಿಗೂ ಒಂದೇ. ತಿಂಗಳ ಸಂಬಳ ಬ್ಯಾಂಕಿಗೆ ಬಂದು ಬೀಳುವವನಿಗೆ ಅದು ಬೇಸರ ತಂದೀತು. ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಐದಾರು ಜನರೊಂದಿಗೆ ಮಲಗುವವನಿಗೆ, ಕುಡಿಯುವ ನೀರಿನ ನಲ್ಲಿಯೂ ಶೌಚಾಲಯವೂ ‘ಹೊರಗೆ’ ಇರುವಾಗ, ಆ ಆಜ್ಞೆಯನ್ನು ಪಾಲಿಸುವುದೇ ಸಾಧ್ಯವಿಲ್ಲ. ಎಲ್ಲರ ಒಳಿತಿಗೆಂದು ಕೆಲವರ ಅನ್ನ ಕಿತ್ತುಕೊಂಡರೆ, ಆ ಒಳಿತನ್ನು ಉಂಡವರೆಲ್ಲ ಅವರಿಗೆ ಸಾಲಗಾರರಾಗುತ್ತಾರೆ. ಆ ಋಣ ತೀರಿಸುವ ಹೊಣೆ ಸರ್ಕಾರದ್ದು. ನಿರ್ಬಂಧದ ನ್ಯಾಯಾನ್ಯಾಯವನ್ನು ನಾನು ಅಳೆಯುವುದು ಈ ಋಣ ಎಷ್ಟು ಸಂದಿತು ಎಂಬುದರಿಂದ.

ಹಾಗೆ ಅಳೆದರೆ ಕಾಣುವುದೇನು? ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾಗಿ, ನಡುರಾತ್ರಿಗೆ ದೇಶಕ್ಕೇ ಬೀಗ ಬಿತ್ತು. ಅದಕ್ಕೆ ಬಳಸಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಆ ಕಾಯ್ದೆಯ 51ನೇ ಸೆಕ್ಷನ್ ಆದೇಶ ಮೀರಿದವರಿಗೆ ಶಿಕ್ಷೆ ಹೇಳುತ್ತದೆ. 12ನೇ ಸೆಕ್ಷನ್ ವಿಪತ್ತಿಗೆ ಸಿಕ್ಕವರಿಗೆ ಕನಿಷ್ಠ ಪರಿಹಾರದ ಮಾನದಂಡ ರೂಪಿಸಬೇಕೆನ್ನುತ್ತದೆ. 51 ಮೊದಲ ದಿನದಿಂದಲೇ ಜಾರಿಗೆ ಬಂತು. 12ರ ಪ್ರಕಾರ ಸತ್ತವರ ಕುಟುಂಬಗಳಿಗೆ ಪರಿಹಾರ ನಿಗದಿಪಡಿಸಿ ಎಂದು 2021ರ ಜೂನ್ 30ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕಾಯ್ದೆ ಒಂದೇ. ಅದರ ಒಂದು ಕೈ ತಕ್ಷಣ ಎದ್ದಿತು, ಇನ್ನೊಂದು ಕೈ ಏಳಲು ಹದಿನೈದು ತಿಂಗಳು ಬೇಕಾಯಿತು.

ಇದೇ ಕಾಯ್ದೆಯಡಿ 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಇನ್ನೊಂದು ಆದೇಶ ಹೊರಡಿಸಿತ್ತು: ಮಾಲೀಕರು ಕಡಿತವಿಲ್ಲದೆ ಕೂಲಿ ಕೊಡಬೇಕು, ವಲಸೆ ಕಾರ್ಮಿಕರಿಂದ ಒಂದು ತಿಂಗಳು ಮನೆ ಬಾಡಿಗೆ ಕೇಳಕೂಡದು. ಕೂಲಿಯ ಆದೇಶ ಮೇ 18ಕ್ಕೆ ಇಲ್ಲವಾಯಿತು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಅದನ್ನು ಪಾಲಿಸದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಬೀದಿಗಿಳಿದ ಕೂಲಿಯವನಿಗೆ ಲಾಠಿ, ಕೂಲಿ ಕೊಡದವನಿಗೆ ವಿನಾಯಿತಿ. ಬಲ್ಲಿದನಿಗೊಂದು ನ್ಯಾಯ, ಬಡವನಿಗೊಂದು ನ್ಯಾಯ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ನಮ್ಮಲ್ಲೇ ಮೇ ಮೊದಲ ವಾರ, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ನಿರ್ಮಾಪಕರ ಜೊತೆ ಸಭೆ ನಡೆಸಿದ ಬೆನ್ನಿಗೆ, ವಲಸೆ ಕಾರ್ಮಿಕರು ಊರಿಗೆ ಹೋಗಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಟೀಕೆ ಜೋರಾದ ಮೇಲೆ ಆ ನಿರ್ಧಾರ ಹಿಂದೆ ಸರಿಯಿತು. ರೋಗ ತಡೆಯಲು ಹುಟ್ಟಿದ ಅಧಿಕಾರ ಕೆಲಸಗಾರರನ್ನು ಹಿಡಿದಿಡಲು ಬಳಕೆಯಾಗುವುದಕ್ಕೆ ಆರು ವಾರವೇ ಸಾಕಾಯಿತು.

ಕರ್ನಾಟಕ-ಕೇರಳ ಗಡಿಯ ತಲಪಾಡಿಯನ್ನೂ ನೆನೆಯಬೇಕು. ಮಂಜೇಶ್ವರ, ಕುಂಬಳೆಯ ಜನ ಆಡಳಿತದ ಲೆಕ್ಕದಲ್ಲಿ ಕೇರಳದವರು. ಕಾಯಿಲೆ ಬಿದ್ದರೆ ಅವರು ಹೋಗುವುದು ಹತ್ತಿರದ ಮಂಗಳೂರಿನ ಆಸ್ಪತ್ರೆಗಳಿಗೆ. ಅವರಲ್ಲಿ ಕನ್ನಡ ಮಾತಾಡುವವರೂ ಬಹಳ. ಅವರ ಜಿಲ್ಲೆಯಾದ ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದಾಗ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಅಡ್ಡವಾಗಿ ಮಣ್ಣು ಸುರಿದು ದಿಬ್ಬ ಮಾಡಲಾಯಿತು. ಬ್ಯಾರಿಕೇಡಿನ ಪಕ್ಕ ಒಬ್ಬ ಪೊಲೀಸನಾದರೂ ನಿಂತಿರುತ್ತಾನೆ. ಅವನಿಗೆ ಕೈಮುಗಿಯಬಹುದು, ಡಯಾಲಿಸಿಸ್ ಚೀಟಿ ತೋರಿಸಬಹುದು. ಮಣ್ಣಿನ ದಿಬ್ಬಕ್ಕೆ ಏನು ತೋರಿಸುವುದು? ಆಸ್ಪತ್ರೆ ತಲುಪಲಾಗದೆ ರೋಗಿಗಳು ಸತ್ತ ಸುದ್ದಿಗಳು ಒಂದರ ಹಿಂದೊಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ಬಿಡಿಸಲು ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ ಷರತ್ತುಗಳೊಂದಿಗೆ ರೋಗಿಗಳನ್ನು ಬಿಡಲು ಒಪ್ಪಂದವಾಯಿತು. ಸೋಂಕಿನ ಭಯ ನಿಜವೇ ಇತ್ತು. ಆದರೆ ಯಾವ ತಡೆಯಲ್ಲೂ ಅಪವಾದಕ್ಕೊಂದು ಬಾಗಿಲು, ಅಳಲು ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಇರಲೇಬೇಕು. ಇಲ್ಲದಿದ್ದರೆ ಜೀವ ಉಳಿಸಲು ಹಾಕಿದ ಬೇಲಿಯೇ ಜೀವ ತೆಗೆಯುತ್ತದೆ.

ಇನ್ನು ಜಾರಿಯ ರೀತಿ. ಸಾಮಾನು ತರಲು ಹೊರಟವನನ್ನು ಪೊಲೀಸರು ತಡೆದು ಬಸ್ಕಿ ಹೊಡೆಸುವ, ನಡುರಸ್ತೆಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡುವ ವಿಡಿಯೊಗಳು ವಾಟ್ಸ್‌ಆ್ಯಪ್ ತುಂಬ ಹರಿದಾಡಿದವು. ‘ಇವರಿಗೆ ಹೀಗೇ ಆಗಬೇಕು’ ಎಂದು ನಕ್ಕು ಮುಂದಕ್ಕೆ ಕಳಿಸಿದವರು ಸರ್ಕಾರದವರಲ್ಲ, ನಾವೇ. ಆದೇಶ ಮೀರಿದವರಿಗೆ ಐಪಿಸಿ 188ರಲ್ಲಿ ಜೈಲು, ದಂಡ ಇತ್ತು. ಅದೂ ನ್ಯಾಯಾಲಯದ ಮುಂದೆ ಸಾಬೀತಾದರೆ. ಬಸ್ಕಿ ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ. ಮೇಲಾಗಿ ಅದರಿಂದ ಫಲವೂ ಇಲ್ಲ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎಂದು ನಂಬಿದವನು ಪೊಲೀಸರಿಲ್ಲದ ಸಂದಿ ಹುಡುಕುತ್ತಾನೆಯೇ ಹೊರತು ವೈರಸ್ಸಿನ ದಾರಿ ತಿಳಿಯುವುದಿಲ್ಲ.

ಹೇರುವವರು ತಾವೂ ಅದಕ್ಕೆ ಒಳಪಟ್ಟರೆ ಮಾತ್ರ ನಿಯಮಕ್ಕೆ ಬೆಲೆ. 2021ರ ಏಪ್ರಿಲ್ 17ರಂದು ಬೆಳಗಾವಿ, ಬಸವಕಲ್ಯಾಣ, ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ಪ್ರಚಾರಕ್ಕೆ ಎಲ್ಲ ಪಕ್ಷಗಳೂ ಜನ ಸೇರಿಸಿದವು. ಹತ್ತು ದಿನ ಕಳೆಯುವಷ್ಟರಲ್ಲಿ ರಾಜ್ಯದ ಜನ ಮನೆಯೊಳಗಿರಬೇಕಾಯಿತು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ಹೊರಟಿತು. ಅದು ನಿಂತದ್ದು ಹೈಕೋರ್ಟ್ ಪ್ರಶ್ನಿಸಿದ ಮೇಲೆ.

ವಿಪತ್ತಿನ ಹೊತ್ತಲ್ಲಿ ಇಷ್ಟೆಲ್ಲ ನಯ ನಾಜೂಕು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸರ್ಕಾರ ತಲೆಗೆ ಐದು ಕೆಜಿ ಧಾನ್ಯ ಕೊಡಲಿಲ್ಲವೇ ಎಂದೂ ಕೇಳುತ್ತಾರೆ. ಕೊಟ್ಟಿತು, ಅದು ಸಣ್ಣ ಮಾತಲ್ಲ. ಆದರೆ ವಲಸೆಗಾರನ ರೇಷನ್ ಕಾರ್ಡು ಅವನ ಊರಿನಲ್ಲಿತ್ತು. ಇನ್ನು ನಯದ ಮಾತು: 2020ರ ಸೆಪ್ಟೆಂಬರ್ ಕೊನೆಯಲ್ಲಿ ಮಾಸ್ಕ್ ಹಾಕದವರ ದಂಡ ನಗರದಲ್ಲಿ ಸಾವಿರ ರೂಪಾಯಿಗೇರಿತು, ದಿನಗೂಲಿಯವರು ಎಲ್ಲಿಂದ ತರಬೇಕೆಂದು ಜನ ಕೂಗೆಬ್ಬಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ನಗರದಲ್ಲಿ 250ಕ್ಕೂ ಹಳ್ಳಿಯಲ್ಲಿ 100ಕ್ಕೂ ಇಳಿಯಿತು. ಕೇಳಿಸಿಕೊಳ್ಳುವ ಮನಸ್ಸಿದ್ದರೆ ವಿಪತ್ತಿನಲ್ಲೂ ಸಮಯ ಸಿಗುತ್ತದೆ.

ನಮ್ಮ ಸಾಂಕ್ರಾಮಿಕ ರೋಗದ ಕಾನೂನಿನ ಹುಟ್ಟು ಪ್ಲೇಗಿನ ಕಾಲದ್ದು. 1897ರ ಆ ಪುಟ್ಟ ಕಾಯ್ದೆಯಲ್ಲಿ ಅಧಿಕಾರಿಗೆ ಅಧಿಕಾರವಿತ್ತು, ಪ್ರಜೆಗೆ ಶಿಕ್ಷೆಯಿತ್ತು, ಅಧಿಕಾರಿಯ ಮೇಲೆ ದಾವೆ ಹೂಡದಂತೆ ರಕ್ಷಣೆಯಿತ್ತು. ಬೀಗದೊಳಗಿದ್ದವನ ಅನ್ನದ ಮಾತಿರಲಿಲ್ಲ. 2020ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಾಗಲೂ ಒತ್ತು ಬಿದ್ದದ್ದು ಅಧಿಕಾರ ಮತ್ತು ಶಿಕ್ಷೆಯ ಮೇಲೆಯೇ. ಮುಂದಿನ ರೋಗಕ್ಕೆ ಕಾಯದೆ ಈ ಕಾಯ್ದೆಯನ್ನು ತಿದ್ದಬೇಕು. ಓಡಾಟ ತಡೆಯುವ ಪ್ರತಿ ಆದೇಶದಲ್ಲೂ ಅದರ ಕಾರಣ, ಕೊನೆಯ ದಿನ, ದುಡಿಮೆ ಕಳೆದುಕೊಂಡವನಿಗೆ ಸಿಗುವ ಕೂಲಿ, ಅಪವಾದ ಕೇಳುವ ಅಧಿಕಾರಿಯ ಹುದ್ದೆ ಇಷ್ಟೂ ಬರೆದಿರಲೇಬೇಕು. ನಿಮ್ಮ ಶಾಸಕರು ಮನೆ ಬಾಗಿಲಿಗೆ ಬಂದಾಗ ಇದನ್ನೊಮ್ಮೆ ಕೇಳಿ.