ಎತ್ತಿದ್ದನ್ನು ಇಡುವವರು

ಮೈಸೂರಿನ ನಮ್ಮ ಬೀದಿಯಲ್ಲಿ ಕೆಳಗೆ ಮೆಡಿಕಲ್ ಶಾಪು, ಮೇಲೆ ಜಿಮ್ಮು. ಮೇಲೆ ಯಾರಾದರೂ ಡಂಬಲ್ಸನ್ನು ಧಡ್ಡನೆ ಬಿಟ್ಟರೆ ಕೆಳಗಿನ ಗಾಜಿನ ಬೀರುವಿನಲ್ಲಿ ಸಿರಪ್ಪಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಅಂಗಡಿಯವರು ಮೊದಮೊದಲು ಮೆಟ್ಟಿಲು ಹತ್ತಿ ಜಗಳಕ್ಕೆ ಬರುತ್ತಿದ್ದರು. ಈಗ ಬರುವುದಿಲ್ಲ. ಮೈಕೈ ನೋವಿನ ಮುಲಾಮನ್ನು ಮುಂದಿನ ಸಾಲಿಗೆ ತಂದಿಟ್ಟುಕೊಂಡು ಸುಮ್ಮನಾಗಿದ್ದಾರೆ.

ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ, ಐವತ್ತು ದಾಟಿದ ನಾನು ಆ ಮೆಟ್ಟಿಲು ಹತ್ತತೊಡಗಿ ನಾಲ್ಕು ವರ್ಷವಾಯಿತು. ಮೈ ಎಷ್ಟು ಗಟ್ಟಿಯಾಯಿತೋ ಕಾಣೆ, ಸಹನೆಯಂತೂ ತೆಳ್ಳಗಾಗಿದೆ. ಟ್ರೆಡ್‌ಮಿಲ್ ಮೇಲೆ ನಡೆಯುತ್ತಲೇ ಫೋನಿನಲ್ಲಿ ಸೈಟಿನ ವ್ಯಾಪಾರ ಕುದುರಿಸುವವರು, ಡಂಬಲ್ಸ್ ರ್ಯಾಕಿಗೆ ಅಂಟಿಕೊಂಡು ನಿಂತೇ ಬೈಸೆಪ್ಸ್ ಹೊಡೆಯುವವರು, ಅರ್ಧ ಸೀಸೆ ಸೆಂಟು ಸುರಿದುಕೊಂಡು ಬರುವವರು, ನೀರು ಕಾಣದ ಬನಿಯನ್ನಿನಲ್ಲಿ ಬರುವವರು, ಕೇಳದಿದ್ದರೂ ಬಂದು 'ಮೊಣಕೈ ಒಳಗೆ ತಗೊಳ್ಳಿ ಸಾರ್' ಎಂದು ಉಪದೇಶಿಸುವವರು — ಇವರ ಪಟ್ಟಿ ನನಗೆ ಬಾಯಿಪಾಠ. ಎಲ್ಲವೂ ಸಣ್ಣ ಸಂಗತಿಗಳು. ಬೀದಿಯಲ್ಲಿ ಇದರ ಹತ್ತರಷ್ಟನ್ನು ಸಹಿಸಿಕೊಂಡು ನಡೆಯುವ ನಾನು, ಆ ಒಂದು ಕೋಣೆಯೊಳಗೆ ಮಾತ್ರ ಯಾಕೆ ಇಷ್ಟು ಉರಿದುಬೀಳುತ್ತೇನೆ ಎಂಬುದು ಬಹಳ ದಿನ ಬಗೆಹರಿದಿರಲಿಲ್ಲ.

ಬೆಂಚಿನ ಮೇಲಿನ ಟವಲನ್ನೇ ತೆಗೆದುಕೊಳ್ಳಿ. ಮನುಷ್ಯ ಇರುವುದಿಲ್ಲ, ಟವಲು ಇರುತ್ತದೆ. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ನ್ಯಾಯ. ಯಾವ ಕಾನೂನಿನಲ್ಲೂ ಬರೆದಿಲ್ಲದ ಹಕ್ಕು ಅದು. ಆದರೂ ತುಂಬಿದ ಬಸ್ಸಿನಲ್ಲಿ, ಎರಡು ಕೈಯಲ್ಲೂ ಚೀಲ ಹಿಡಿದ ಮುದುಕ ಕೂಡ ಆ ಅಂಗೈಯಗಲದ ಬಟ್ಟೆಗೆ ಮರ್ಯಾದೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ನಾಳೆ ಎಸೆಯುವ ಕೈ ತನ್ನದೂ ಆಗಬಹುದೆಂಬ ತಿಳಿವಳಿಕೆಯೇ ಅದರ ಹಿಂದಿನ ಬಲ. ಜಿಮ್ಮಿನಲ್ಲಿ ಒಬ್ಬ ಪುಣ್ಯಾತ್ಮ ಟವಲನ್ನು ಬೆಂಚಿನ ಮೇಲೂ, ನೀರಿನ ಬಾಟಲಿಯನ್ನು ಕೇಬಲ್ ಮೆಷೀನಿನ ಬುಡದಲ್ಲೂ, ಫೋನನ್ನು ಲ್ಯಾಟ್ ಪುಲ್‌ಡೌನ್ ಸೀಟಿನ ಮೇಲೂ ಇಟ್ಟು ಮೂರನ್ನೂ ಸುತ್ತುತ್ತಿರುತ್ತಾನೆ. ಒಬ್ಬ ಪ್ರಯಾಣಿಕ, ಮೂರು ಸೀಟು. 'ಎಷ್ಟು ಸೆಟ್ ಬಾಕಿ ಬ್ರೋ?' ಎಂದರೆ 'ಇನ್ನೆರಡೇ ಸಾರ್' ಎನ್ನುತ್ತಾನೆ. ಕಳೆದ ಹತ್ತು ನಿಮಿಷದಿಂದ ಅದು ಎರಡೇ.

ಕೂತವನೆಲ್ಲ ಸೋಮಾರಿ ಎಂದೂ ಹೇಳುವಂತಿಲ್ಲ. ಭಾರೀ ತೂಕ ಎತ್ತಿದ ಸ್ನಾಯು ತನ್ನೊಳಗಿನ ತಕ್ಷಣದ ಕಸುವನ್ನು ಮತ್ತೆ ತುಂಬಿಕೊಳ್ಳಲು ಸುಮಾರು 3 ನಿಮಿಷ ಬೇಕು. ಆ ಮೂರು ನಿಮಿಷ ಸುಮ್ಮನೆ ಕೂರುವುದೂ ವ್ಯಾಯಾಮದ ಭಾಗವೇ. ಸುಮ್ಮನೆ ಕೂರುವುದು ಹೇಗೆ ಎಂಬುದು ಮರೆತುಹೋಗಿರುವುದರಿಂದ ಕೈ ಫೋನಿಗೆ ಹೋಗುತ್ತದೆ, ರೀಲ್ಸ್ ತೆರೆದುಕೊಳ್ಳುತ್ತದೆ, ಮೂರು ನಿಮಿಷ ಹನ್ನೆರಡಾಗುತ್ತದೆ. ಹೊರಗಿನಿಂದ ನೋಡುವವನಿಗೆ ವಿಶ್ರಾಂತಿಯೂ ಮೈಮರೆವೂ ಒಂದೇ ಭಂಗಿಯಲ್ಲಿ ಕಾಣುತ್ತವೆ. ಎಲ್ಲಿಯ ತನಕ ಮೊದಲನೆಯದು, ಎಲ್ಲಿಂದ ಎರಡನೆಯದು ಎಂದು ನಿಂತು ಕಾಯುವವನಿಗೂ ಗೊತ್ತಾಗದು, ಕೂತವನಿಗೂ ಗೊತ್ತಾಗದು.

ಇನ್ನು ಬೆವರು. ನಮ್ಮ ಬೀದಿಯಿಂದ ಎರಡು ತಿರುವು ದಾಟಿದರೆ ಒಂದು ಹಳೆಯ ಗರಡಿಮನೆಯಿದೆ. ತಗ್ಗು ಬಾಗಿಲು, ಗೋಡೆಯಲ್ಲಿ ಆಂಜನೇಯ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿರುತ್ತಾರೆ. ಕುಸ್ತಿಯಾಡುವವರ ಬೆವರೆಲ್ಲ ಅದರೊಳಗೆ ಇಂಗುತ್ತದೆ. ಹೊಸ ಹುಡುಗ ಒಳಗೆ ಬಂದರೆ ಅದೇ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಅವನ ಹಣೆಯ ಮೇಲೆ ಕೂರುವುದು ತಲೆಮಾರುಗಳ ಬೆವರು. ಅಲ್ಲಿ ಯಾರಿಗೂ ಅಸಹ್ಯವಿಲ್ಲ. ನಮ್ಮ ಜಿಮ್ಮಿನ ಬೆಂಚಿಗೆ ಹೊದಿಸಿರುವುದು ರೆಕ್ಸಿನ್ನು. ಮಣ್ಣು ಬೆವರನ್ನು ಕುಡಿಯುತ್ತದೆ, ರೆಕ್ಸಿನ್ನು ಕುಡಿಯುವುದಿಲ್ಲ. ಮೇಲೆಯೇ ಬೆನ್ನಿನ ಆಕಾರದಲ್ಲಿ ಹಿಡಿದಿಟ್ಟು ಮುಂದಿನವನಿಗೆ ತೋರಿಸುತ್ತದೆ. ಹೀಗೆ ನೆಲ ಬದಲಾದಾಗ ನಡತೆಯೂ ಬದಲಾಗಬೇಕಾಯಿತು, ಒರೆಸುವುದೊಂದು ಧರ್ಮವಾಯಿತು. ಪುರಾತನ ಗ್ರೀಕರು ಇದನ್ನು ಬೇರೆ ಬಗೆಯಲ್ಲಿ ನಿಭಾಯಿಸಿದ್ದರು. ಅವರ ಮಲ್ಲರು ಮೈಗೆ ಎಣ್ಣೆ ಬಳಿದುಕೊಂಡು ಆಡಿ, ಆಮೇಲೆ ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆ, ದೂಳು, ಬೆವರನ್ನು ಒಟ್ಟಿಗೆ ಕೆರೆದು ತೆಗೆಯುತ್ತಿದ್ದರು. ಆ ಕೆರೆದ ಜಿಡ್ಡನ್ನು ಔಷಧವೆಂದು ಮಾರುತ್ತಿದ್ದರೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ನಮ್ಮ ಕೆಳಗಿನ ಮೆಡಿಕಲ್ ಶಾಪಿನವರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ.

ಜಿಮ್ಮಿನ ಗೋಡೆಯಲ್ಲಿ ನಿಯಮಗಳ ಫಲಕವಿದೆ: ಟವಲು ತನ್ನಿ, ಬೇರೆ ಶೂ ತನ್ನಿ, ಪ್ಲೇಟುಗಳನ್ನು ಸ್ವಸ್ಥಾನದಲ್ಲಿಡಿ. ಓದುವವರಿಲ್ಲ. ಮ್ಯಾಸಿಡೋನಿಯಾದ ಬೆರೋಯ ಎಂಬ ಊರಿನಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದ ಒಂದು ಶಿಲಾಶಾಸನ ಸಿಕ್ಕಿದೆ. ಅದು ಊರಿನ ವ್ಯಾಯಾಮಶಾಲೆಯ ಕಾಯ್ದೆ. ಮಾತು ಕೇಳದವನಿಗೆ ಶಾಲೆಯ ಅಧಿಕಾರಿ ದಂಡ ಹಾಕಬಹುದಿತ್ತು, ಕೆಲವರಿಗೆ ಬೆತ್ತದ ರುಚಿಯನ್ನೂ ತೋರಿಸಬಹುದಿತ್ತು. ಇದನ್ನು ಮೊದಲ ಸಲ ಓದಿದಾಗ, ಆಹಾ, ನಮ್ಮಲ್ಲೂ ಇಂಥದ್ದೊಂದು ಕಲ್ಲು ನೆಡಬೇಕು ಎಂದುಕೊಂಡೆ. ಮುಂದೆ ಓದಿದರೆ, ಒಳಗೆ ಯಾರು ಬರಕೂಡದು ಎಂಬ ಪಟ್ಟಿ. ಕುಡಿದವರು, ಹುಚ್ಚರು ಸರಿ. ಆಮೇಲೆ ಗುಲಾಮರು, ಬಿಡುಗಡೆಯಾದ ಗುಲಾಮರು, ಅವರ ಮಕ್ಕಳು, ಸಂತೆಯಲ್ಲಿ ವ್ಯಾಪಾರ ಮಾಡುವವರು. ಅಲ್ಲಿನ ಶಿಸ್ತಿಗೂ ಮುಚ್ಚಿದ ಬಾಗಿಲಿಗೂ ಒಂದೇ ಕಲ್ಲು.

ಗರಡಿಯ ಶಿಸ್ತೂ ಪುಕ್ಕಟೆ ಬಂದದ್ದಲ್ಲ. ಅಲ್ಲಿ ಉಸ್ತಾದರ ಕಣ್ಣು ಇತ್ತು, ಕೇರಿಯ ನಂಟು ಇತ್ತು, ದೇವರ ಭಯ ಇತ್ತು. ತುಳುನಾಡಿನಲ್ಲಿ ಗರಡಿ ಎಂದರೆ ಕೋಟಿ ಚೆನ್ನಯರು ನೆಲೆಗೊಂಡ ದೈವಸ್ಥಾನವೇ ಆಗಿದೆ. ಹೀಗೆ ಪೂಜೆಯ ಜಾಗವೂ ಆಗಿದ್ದ ಕಡೆ ಯಾರೂ ತಪ್ಪಿಯೂ ಕಾಲು ಚಾಚಿ ಕೂರುತ್ತಿರಲಿಲ್ಲ. ಆದರೆ ನನ್ನ ಅಕ್ಕ ಚಿಕ್ಕಂದಿನಲ್ಲಿ ನನ್ನ ಜೊತೆ ಗರಡಿಯ ಬಾಗಿಲವರೆಗೆ ಬಂದು, ಹೊಸ್ತಿಲಾಚೆಯಿಂದ ಇಣುಕಿ, ಒಳಗಿನಿಂದ ಯಾರೋ ಗದರಿದ್ದಕ್ಕೆ ವಾಪಸಾದದ್ದು ನನಗೆ ನೆನಪಿದೆ. ಇಂದು ನಮ್ಮ ಜಿಮ್ಮಿನಲ್ಲಿ ಬೆಳಿಗ್ಗೆ ಆರರ ಹೊತ್ತಿಗೆ ಹೆಣ್ಣುಮಕ್ಕಳು ಸ್ಕ್ವಾಟ್ ಮಾಡುತ್ತಿರುತ್ತಾರೆ. ಅವರನ್ನು ದುರುಗುಟ್ಟಿ ನೋಡುವವರಿದ್ದಾರೆ, ಕನ್ನಡಿಯ ಮೂಲಕ ಕದ್ದು ನೋಡುವವರಿದ್ದಾರೆ. ಅದನ್ನು ಕಿರಿಕಿರಿಯ ಪಟ್ಟಿಗೆ ಸೇರಿಸಲಾರೆ, ಅದು ಅಪರಾಧದ ಪಕ್ಕದ ಮನೆ. ಉಳಿದಂತೆ, ತಿಂಗಳ ಫೀಸು ಕಟ್ಟಿದ ಯಾರು ಬೇಕಾದರೂ ಒಳಗೆ ಬರಬಹುದಾದ ಕೋಣೆ ಇದು. ಯಾರೂ ಯಾರಿಗೂ ಏನೂ ಆಗಬೇಕಿಲ್ಲ. ಗದರುವ ಹಕ್ಕಿರುವ ಒಬ್ಬರೂ ಇಲ್ಲ. ಹುಡುಗ ವಯಸ್ಸಿನ ಟ್ರೈನರ್ ಗದರಿದರೆ ಮುಂದಿನ ತಿಂಗಳು ಫೀಸು ಪಕ್ಕದ ಬೀದಿಗೆ ಹೋಗುತ್ತದೆ.

ಇದೆಲ್ಲ ಸರಿ. ನನ್ನ ಸಿಟ್ಟಿನ ಮುಖ್ಯ ಗಂಟು ಇರುವುದು ಪ್ಲೇಟುಗಳಲ್ಲಿ. ಬೆಂಚ್ ಪ್ರೆಸ್ ಮುಗಿಸಿದವನು ಬಾರ್ ಮೇಲೆ ಪ್ಲೇಟುಗಳನ್ನು ಹಾಗೆಯೇ ಬಿಟ್ಟು, ತೋಳನ್ನೊಮ್ಮೆ ಕನ್ನಡಿಗೆ ತೋರಿಸಿ, ಹೊರಟುಬಿಡುತ್ತಾನೆ. ಬಾರ್ 20 ಕೆಜಿ, ಎರಡೂ ಬದಿಗೆ ನಲವತ್ತು ನಲವತ್ತು. ನೂರು ಕೆಜಿಯನ್ನು ಹತ್ತು ಸಲ ಎತ್ತಿದ ಭೂಪನಿಗೆ ಇಪ್ಪತ್ತು ಕೆಜಿಯ ನಾಲ್ಕು ಪ್ಲೇಟುಗಳನ್ನು ನಾಲ್ಕು ಹೆಜ್ಜೆ ದೂರದ ಸ್ಟ್ಯಾಂಡಿಗೆ ಒಯ್ಯಲು ಆಗುವುದಿಲ್ಲ. ಅದೇ ಕಬ್ಬಿಣ, ಅದೇ ತೋಳು. ಎತ್ತುವಾಗ ಒಂದು, ಎರಡು, ಮೂರು ಎಂದು ಎಣಿಸುತ್ತಾನೆ; ಇಡುವುದಕ್ಕೆ ಎಣಿಕೆಯಿಲ್ಲ. ಎಣಿಕೆಯಿಲ್ಲದ್ದು ಬೆವರಲ್ಲ, ಮೈಗೆ ಸೇರುವುದಿಲ್ಲ ಎಂದು ಎಲ್ಲೋ ಒಳಗೆ ನಂಬಿದ್ದಾನೆ.

ಈ ನಂಬಿಕೆ ಅವನೊಬ್ಬನದಲ್ಲ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಇಂಗ್ಲೆಂಡಿನ ಜೈಲುಗಳಿಗಾಗಿ ಒಂದು ದೊಡ್ಡ ಚಕ್ರ ಮಾಡಿಕೊಟ್ಟ. ಚಕ್ರದ ಸುತ್ತ ಮೆಟ್ಟಿಲುಗಳು. ಕೈದಿಗಳು ಸಾಲಾಗಿ ನಿಂತು ಹತ್ತುತ್ತಲೇ ಇರಬೇಕು, ಮೇಲೆ ಹೋಗುವುದೇ ಇಲ್ಲ. ಅದರ ಹೆಸರು ಟ್ರೆಡ್‌ಮಿಲ್. 1895ರಲ್ಲಿ ಜೈಲಿಗೆ ಹೋದ ಆಸ್ಕರ್ ವೈಲ್ಡ್ ಕೂಡ ಅದನ್ನು ತುಳಿದ. ಕೆಲವು ಜೈಲುಗಳಲ್ಲಿ ಚಕ್ರ ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಕೆಲವೆಡೆ ಅದಕ್ಕೆ ಏನನ್ನೂ ಜೋಡಿಸಿರಲಿಲ್ಲ. ಅಂಥ ಕಡೆ ಕೈದಿಗಳು ಗಾಳಿಯನ್ನು ಬೀಸುತ್ತಿದ್ದಾರೆ ಎಂದು ಹೇಳುತ್ತಿದ್ದರಂತೆ. ನಮ್ಮ ಭಾಷೆಯಲ್ಲಿ ಗಾಳಿಯೂ ಬೀಸುತ್ತದೆ, ರಾಗಿಯನ್ನೂ ಬೀಸುತ್ತೇವೆ. ನನ್ನ ಅಜ್ಜಿ ಕೋಳಿ ಕೂಗುವ ಹೊತ್ತಿಗೆ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಅವಳ ಭುಜ ನಮ್ಮ ಟ್ರೈನರನ ಭುಜಕ್ಕಿಂತ ಕಡಿಮೆಯಿರಲಿಲ್ಲ. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ, ಅವಳೂ ಎನ್ನಲಿಲ್ಲ. ಹಿಟ್ಟು ಬಂತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಕೈದಿಯ ಶಿಕ್ಷೆಯ ತಿರುಳು ದಣಿವಾಗಿರಲಿಲ್ಲ, ಹಿಟ್ಟು ಬಾರದಿರುವುದಾಗಿತ್ತು. ನಾವು ಅದೇ ಚಕ್ರವನ್ನು ಚಪ್ಪಟೆ ಮಾಡಿ, ಮುಂದೆ ಟೀವಿ ತೂಗುಹಾಕಿ, ಫೀಸು ಕಟ್ಟಿ ತುಳಿಯುತ್ತಿದ್ದೇವೆ. ಹಿಟ್ಟು ಈಗಲೂ ಇಲ್ಲ. ದುಡಿಮೆಯಿಂದ ದಣಿವನ್ನಷ್ಟೇ ಸೋಸಿ ತೆಗೆದು ಅದನ್ನು ಶುದ್ಧವೆಂದು ಮಾರುವ ಅಂಗಡಿ ನಮ್ಮದು. ಸೋಸಿದ ಮೇಲೆ ಉಳಿದ ಚರಟ ಇದೆಯಲ್ಲ — ಎತ್ತಿಡುವುದು, ಒರೆಸುವುದು, ಜೋಡಿಸುವುದು — ಅದು ಯಾರ ಪಾಲಿಗೂ ಸೇರದೆ ಬಾರ್ ಮೇಲೆ ನೇತಾಡುತ್ತಿರುತ್ತದೆ.

ಗರಡಿಯಲ್ಲಿ ಈ ಚರಟ ಬೇರೆಯಾಗಿ ಉಳಿಯುತ್ತಿರಲಿಲ್ಲ. ಆಡುವ ಮೊದಲು ಮಟ್ಟಿಯನ್ನು ಅಗೆದು ಸಡಿಲ ಮಾಡಬೇಕು, ಇಲ್ಲವಾದರೆ ಬಿದ್ದವನ ಬೆನ್ನು ಮುರಿಯುತ್ತದೆ. ಗುದ್ದಲಿ ಹಿಡಿದು ಮೂಲೆಯಿಂದ ಮೂಲೆಗೆ ಅಗೆದು, ಹೆಂಟೆ ಒಡೆದು, ಸಮ ಮಾಡುವಷ್ಟರಲ್ಲಿ ಹುಡುಗರ ಮೈ ಕಾದಿರುತ್ತಿತ್ತು. ದಂಡ, ಬಸ್ಕಿಗಳಂತೆ ಅದೂ ಸಾಮಿನ ಲೆಕ್ಕಕ್ಕೇ ಸೇರುತ್ತಿತ್ತು. ಜಾಗವನ್ನು ಅಣಿಗೊಳಿಸುವುದು ಯಾವುದು, ಮೈಯನ್ನು ಅಣಿಗೊಳಿಸುವುದು ಯಾವುದು ಎಂದು ಗೆರೆ ಎಳೆಯಲು ಬರುತ್ತಿರಲಿಲ್ಲ.

ನಮ್ಮಲ್ಲಿ ಆ ಗೆರೆಯ ಆಚೆ ಒಬ್ಬ ಹೆಂಗಸಿದ್ದಾರೆ. ಎಲ್ಲರೂ ಆಯಮ್ಮ ಎನ್ನುತ್ತಾರೆ. ವಯಸ್ಸು ನನ್ನದೇ ಇರಬಹುದು. ಬೆಳಿಗ್ಗೆ ಹತ್ತಕ್ಕೆ ಜನ ಖಾಲಿಯಾದ ಮೇಲೆ ಬಂದು ಗುಡಿಸಿ, ಒರೆಸಿ, ಚೆಲ್ಲಾಪಿಲ್ಲಿಯಾದ ಪ್ಲೇಟುಗಳನ್ನು ಸ್ಟ್ಯಾಂಡಿಗೆ ಸೇರಿಸುತ್ತಾರೆ. ಒಮ್ಮೆ ನಾನು ಫೋನು ಮರೆತು ವಾಪಸು ಹತ್ತಿ ಹೋದಾಗ, ಅವರು ಇಪ್ಪತ್ತರ ಪ್ಲೇಟೊಂದನ್ನು ಹೊಟ್ಟೆಗೆ ಆನಿಸಿ, ಆಮೇಲೆ ಸೊಂಟಕ್ಕೆ ಜಾರಿಸಿ, ಕೊಡ ಹೊರುವಂತೆ ಹೊತ್ತು ನಡೆಯುತ್ತಿದ್ದರು. ಆ ಹಿಡಿತವನ್ನು ಯಾವ ಟ್ರೈನರನೂ ಹೇಳಿಕೊಟ್ಟಿರಲಾರ. ಯಾವ ಬೆಂಚಿನಿಂದ ತೆಗೆದದ್ದು ಎಂದು ನೋಡಿದೆ. ಅದು ನಾನು ಕಾಲು ಗಂಟೆಯ ಹಿಂದೆ ಎದ್ದುಹೋದ ಬೆಂಚು. ಆಫೀಸಿಗೆ ಹೊತ್ತಾಯಿತೆಂಬ ಅವಸರದಲ್ಲಿ, ಅಂದೊಂದೇ ದಿನ, ಎಂದು ಹೇಳಿಕೊಳ್ಳಬಹುದಿತ್ತು. ಆ ಹುಡುಗರೂ ಹಾಗೆಯೇ ಹೇಳಿಕೊಳ್ಳುತ್ತಿರಬೇಕು.

ಆ ಬೆಂಚನ್ನು ನೋಡುತ್ತ ನಿಂತವನಿಗೆ ಒಂದು ಕಥೆ ನೆನಪಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿ, ತಲೆಮಾರುಗಳ ಮೈ ತಿದ್ದಿದ ಕೆ.ವಿ. ಅಯ್ಯರ್ ಅವರೇ 'ರೂಪದರ್ಶಿ' ಕಾದಂಬರಿಯನ್ನೂ ಬರೆದರು. ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾದ ಮಗುವೇ, ಮುಂದೆ ಯೇಸುವಿಗೆ ದ್ರೋಹ ಬಗೆದ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗಿ ಬಂದು ನಿಲ್ಲುವ ಕಥೆ. ಅದನ್ನು ಬರೆಯಲು ಒಬ್ಬ ವ್ಯಾಯಾಮದ ಗುರುವೇ ಬೇಕಾಯಿತೆಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ. ದಿನವಿಡೀ ಕನ್ನಡಿಗಳ ನಡುವೆ ನಿಂತವರು ಅವರು.

'ಕೊಡಿ, ನಾನಿಡ್ತೀನಿ' ಎಂದೆ ಆಯಮ್ಮನಿಗೆ.

'ಇರ್ಲಿ ಬುಡಿ ಸಾರ್' ಎಂದರು. ಆಮೇಲೆ ಏನೋ ಹೊಳೆದವರಂತೆ, 'ಅಲ್ಲ, ಇದ್ನ ಎತ್ತಿ ಅಲ್ಲೇ ಮಡಗೋಕೆ ನೀವು ತಿಂಗ್ಳ ತಿಂಗ್ಳ ದುಡ್ ಕೊಟ್ಟೀರಾ?'

'ಹೂಂ.'

'ನಂಗೆ ಅವ್ರೇ ಕೊಡ್ತಾರೆ' ಎಂದು ನಕ್ಕರು. ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಳೆದ ವಾರ ರಜೆಯಿತ್ತೆಂದು ತಡವಾಗಿ ಹೋಗಿದ್ದೆ. ಬೆಂಚಿನಲ್ಲಿ ಕೊನೆಯ ಹುಡುಗ. 'ಮುಗೀತು ಸಾರ್, ಬನ್ನಿ' ಎಂದು ವಿನಯದಿಂದಲೇ ಎದ್ದು, ಟವಲನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿಳಿದ. ಬಾರ್ ಮೇಲೆ ನೂರು ಕೆಜಿ ಹಾಗೆಯೇ ಇತ್ತು. ನನಗೆ ಬೇಕಿದ್ದದ್ದು ನಲವತ್ತು. ಅವನನ್ನು ಕೂಗಲು ಬಾಯಿ ತೆರೆದವನು ಸುಮ್ಮನಾಗಿ ಬಲಗಡೆಯ ಹೊರಗಿನ ಪ್ಲೇಟು ಕಳಚಿದೆ, ಎರಡನೆಯದಕ್ಕೂ ಕೈ ಹಾಕಿದೆ. ಅತ್ತ ಕಡೆಯಿಂದ ಪೊರಕೆ ಗೋಡೆಗೊರಗಿಸಿದ ಸದ್ದಾಯಿತು.

'ತಡೀರಿ ಸಾರ್, ಒಂದೇ ಕಡೆ ತೆಗುದ್ರೆ ವಾಲ್ಕತದೆ' ಎನ್ನುತ್ತ ಆಯಮ್ಮ ಎಡಗಡೆಗೆ ಬಂದು ನಿಂತರು. 'ಹೂಂ, ಈಗ ತೆಗೀರಿ.'