ಗಾಳಿ ಮುಚ್ಚಿದ ದೋಷ

ಓಡುವಾಗ ತಣ್ಣಗಿದ್ದು, ನಿಂತಲ್ಲಿ ಎಂಜಿನ್ ಬಿಸಿಯೇರುವ ಕಾರಿನಲ್ಲಿ ಕೂಲಂಟ್ ಸರಿಯಿದ್ದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನಿನ ಮೇಲೆ. ವೇಗವಿದ್ದಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಅದು ತಿರುಗದಿದ್ದರೆ ಫ್ಯೂಸು, ರಿಲೇ, ಸೆನ್ಸರು, ಮೋಟರು ಒಂದೊಂದಾಗಿ ನೋಡಬೇಕು. ಇಷ್ಟು ಮೆಕ್ಯಾನಿಕ್ಕಿನ ಮಾತು. ನನ್ನನ್ನು ಕಾಡುವುದು ಅಂಥ ಕಾರನ್ನು ಮಾರುವವನ ಮೌನ.

ನಾನು ಸಂಶೋಧನೆಗೆಂದು ಇರುವ ಗೊಟಗೋಡಿಯ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಕೊಳ್ಳಲು ಬಂದವನನ್ನು ಅದರ ಮೇಲೆ ಜೋರಾಗಿ ಒಂದು ಸುತ್ತು ಓಡಿಸಿಕೊಂಡು ಬಂದರೆ ದೋಷ ಕಾಣುವುದೇ ಇಲ್ಲ. ಮಾರುವವನು ಒಂದು ಸುಳ್ಳೂ ಆಡಿರುವುದಿಲ್ಲ. ಇದು ಮೋಸವೇ?

1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ಇದೇ ಪ್ರಶ್ನೆಯನ್ನು ಕುದುರೆಯ ಉದಾಹರಣೆಯಲ್ಲಿ ಇಡುತ್ತದೆ (ಆಗ ಕಾರೆಲ್ಲಿತ್ತು!). ಕುದುರೆಗೆ ಐಬಿದೆಯೆಂದು ಗೊತ್ತಿದ್ದೂ ಹರಾಜಿನಲ್ಲಿ ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾದರೆ ಹೇಳಲೇಬೇಕು.

ಮೊದಲನೆಯದು ನಮ್ಮ ಕಾರಿಗೆ ಒಗ್ಗದು. ಬೇಕೆಂದೇ ಹೆದ್ದಾರಿಯನ್ನು ಆರಿಸಿದವನು ಸುಮ್ಮನಿರಲಿಲ್ಲ, ಗಾಳಿಯಿಂದ ಸುಳ್ಳು ಹೇಳಿಸಿದ. ಅಗಸಿಯ ಮುಂದೆ ಇಪ್ಪತ್ತು ನಿಮಿಷ ಎಂಜಿನ್ ಚಾಲೂ ಇಟ್ಟು, ಮುಳ್ಳು ಮೇಲೇರುವುದನ್ನು ನೋಡಲು ಬಿಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಅದನ್ನು ಮೌನವೆನ್ನಬಹುದಿತ್ತು.

ಎರಡನೆಯದು ಕಷ್ಟ. ನಮ್ಮ ಕಡೆ ಗುರುತಿಲ್ಲದವನೂ "ಕಾಕಾ, ಗಾಡಿ ಹೆಂಗೈತ್ರಿ?" ಎಂದೇ ಕೇಳುತ್ತಾನೆ. ಕಾಯ್ದೆ ಆ ಕರೆಯನ್ನು ನಂಟೆಂದು ಎಣಿಸಲಿಕ್ಕಿಲ್ಲ. ಆದರೆ ಕಾಕಾ ಎಂದದ್ದಕ್ಕೆ ಓಗೊಟ್ಟು, "ನೀನೇ ಓಡಿಸಿ ನೋಡು ತಮ್ಮಾ" ಎಂದು ಕೀಲಿ ಕೊಡುವವನು ಫ್ಯಾನಿನ ಮಾತು ನುಂಗಿದರೆ, ಅವನನ್ನು ಯಾವ ಉದಾಹರಣೆಯ ಕೆಳಗೆ ನಿಲ್ಲಿಸುವುದು?