ಗೀರು ಮತ್ತು ಒಡಕು

ಗಾಜನ್ನು ಕೊಯ್ಯುತ್ತೇವೆ ಎನ್ನುವುದು ರೂಢಿಯ ಮಾತು. ನಿಜವಾಗಿ ಗಾಜನ್ನು ಯಾರೂ ಕೊಯ್ಯಲಾರರು. ವಜ್ರದ ಮೊನೆಯಿಂದಲೋ ಉಕ್ಕಿನ ಪುಟ್ಟ ಗಾಲಿಯಿಂದಲೋ ಅದರ ಮೈಮೇಲೆ ಒಂದೇ ಒಂದು ಗೀರನ್ನೆಳೆದು, ಎರಡೂ ಬದಿ ಹಿಡಿದು ತುಸು ಬಾಗಿಸಿದರೆ ಅದು ಗೀರಿನ ಗುಂಟ ಒಡೆಯುತ್ತದೆ. ಒಡೆಯುವುದೊಂದೇ ಅದು ಬಲ್ಲ ವಿದ್ಯೆ. ಕುಶಲಿಯು ಒಡಕಿಗೆ ದಾರಿಯನ್ನಷ್ಟೇ ತೋರುತ್ತಾನೆ. ಗಾಜಿನ ಬಲವು ಲೆಕ್ಕದಲ್ಲಿ ಇರಬೇಕಾದುದಕ್ಕಿಂತ ಬಹು ಕಡಿಮೆಯಾಗಿರಲು ಅದರ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣವೆಂದು ಗ್ರಿಫಿತ್ ಎಂಬ ಆಂಗ್ಲ ವಿಜ್ಞಾನಿ 1921ರಲ್ಲಿ ತೋರಿಸಿಕೊಟ್ಟನು. ಗೀರು ಎಂದರೆ ಬೇಕೆಂದೇ ಕೊಟ್ಟ ಇನ್ನೊಂದು ದೌರ್ಬಲ್ಯ.

ಹಾಗಾದರೆ ದೌರ್ಬಲ್ಯವನ್ನು ಹುಟ್ಟಿಸಿ ಒಡೆಯುವ ಆ ಕೈ ಹಿಂಸೆಯ ಕೈಯೇ? 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ಬಣ್ಣಗಾಜಿನ ನವಿಲುಗಳನ್ನು ಕಂಡವರು ಹಾಗೆನ್ನಲಾರರು. ಇಂಥ ಕೆಲಸದಲ್ಲಿ ಮೊದಲು ನಕ್ಷೆ, ಆಮೇಲೆ ಒಡೆತ. ಪ್ರತಿಯೊಂದು ಚೂರಿಗೂ ಒಡೆಯುವ ಮುನ್ನವೇ ಸ್ಥಳವು ಗೊತ್ತಾಗಿರುತ್ತದೆ.

ಆದರೆ ಉದ್ದೇಶವಿದ್ದ ಒಡೆತವೆಲ್ಲ ನಿರ್ದೋಷವೆಂದು ಇಲ್ಲಿಗೇ ನಿಲ್ಲಿಸಿದರೆ ನಾವು ಮೋಸಹೋದಂತೆ. ನಮ್ಮ ಜತ್ತ ತಾಲೂಕಿನಲ್ಲಿ ಗಾಜೆಂದರೆ ಕಿಟಕಿಗಿಂತ ಮೊದಲು ನೆನಪಾಗುವುದು ಬಳೆ. ಬಳೆ ತೊಡಿಸುವವನ ಜಾಣ್ಮೆಯೇ ಬೇರೆ: ಗಾಜು ಬಾಗದೆಂದು ಅರಿತು ಅವನು ಕೈಯನ್ನೇ ಹಿಸುಕಿ ಮೆತ್ತಗೆ ಮಾಡುತ್ತಾನೆ. ನೆರೆಯ ಮರಾಠಿಯಲ್ಲಿ ಬಳೆ ಒಡೆಯಿತೆನ್ನುವುದು ಅಶುಭ. 'ಬಾಂಗಡಿ ವಾಢಲಿ', ಬೆಳೆಯಿತು, ಎನ್ನುತ್ತಾರೆ. ಒಡೆದ ಮಾತನ್ನೂ ಆಡಲಂಜುವ ಅದೇ ಜನರು, ಅದೇ ನಾವು, ಗಂಡ ಸತ್ತ ದಿನ ಆ ಹೆಂಗಸಿನ ಕೈಹಿಡಿದು ಬಳೆಗಳನ್ನು ಒಡೆಯುತ್ತ ಬಂದಿದ್ದೇವೆ. ಅದಕ್ಕೂ ಒಂದು ನಕ್ಷೆಯುಂಟು, ಸಂಪ್ರದಾಯವೆಂದು ಅದರ ಹೆಸರು. ಆದರೆ ಆ ನಕ್ಷೆಯಲ್ಲಿ ಒಡೆದ ಚೂರಿಗೂ ಸ್ಥಳವಿಲ್ಲ, ಬರಿಗೈಯವಳಿಗೂ ಸ್ಥಳವಿಲ್ಲ. ಗಾಜುಗಾರನಾದರೋ ಗಾಜಿನ ಸ್ವಭಾವಕ್ಕೆ ಮಣಿಯುತ್ತಾನೆ. ಆಳವಾದ ಒಳಬಾಗು ಒಂದೇ ಏಟಿಗೆ ಬಾರದೆಂದು ಬಲ್ಲವನಾಗಿ ಇಕ್ಕಳದಿಂದ ಚೂರುಚೂರಾಗಿ ಕಡಿದು ತೆಗೆಯುತ್ತಾನೆ. ಜಡವಸ್ತುವಿಗೆ ಸಲ್ಲುವ ಈ ಮರ್ಯಾದೆ ಜೀವಕ್ಕೆ ಸಲ್ಲದೆ ಹೋದುದೇಕೆ? 'ಅವಳೇ ಒಪ್ಪಿದಳು' ಎಂಬ ಉತ್ತರವನ್ನು ನಾವು ಬಲ್ಲೆವು. ನೆರೆದವರೆಲ್ಲ ಸುತ್ತ ನಿಂತಿರುವಾಗ ಒಪ್ಪದೆ ಅವಳು ಏನು ಮಾಡಿಯಾಳು!

2022ರ ಮೇ ತಿಂಗಳಲ್ಲಿ ನೆರೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡದ ಗ್ರಾಮಸಭೆಯು, ಬಳೆ ಒಡೆಯುವುದು, ಕುಂಕುಮ ಅಳಿಸುವುದು ಮೊದಲಾದವನ್ನು ನಿಲ್ಲಿಸತಕ್ಕದ್ದೆಂದು ಠರಾವು ಮಾಡಿತು. ಉಳಿದ ಊರುಗಳೂ ಇದನ್ನು ಅನುಸರಿಸಲೆಂದು ಮಹಾರಾಷ್ಟ್ರ ಸರಕಾರವು ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಸುತ್ತೋಲೆಯ ಭಾಷೆ ಮರಾಠಿ. ಗಡಿಯ ಕನ್ನಡ ಹಳ್ಳಿಗಳಲ್ಲಿ ಮನೆಯ ಹಿರಿಯ ಹೆಂಗಸರಿಗೆ ಅದನ್ನು ಅವರ ಮಾತಿನಲ್ಲಿಯೇ ಓದಿ ಹೇಳುವ ಕೆಲಸವನ್ನು ನಮ್ಮಂಥ ಸಂಘಗಳವರು ಕೈಗೊಳ್ಳಬಹುದು.